ನೀರು ದಾಟುವ ಕಂಬಳಿ

ಲಾರಿ ಹೋಗಿ ಎರಡು ಗಂಟೆಯಾದರೂ ಓಬಳೇಶಪ್ಪನಿಗೆ ತಾನು ಸಹಿಯ ಕೆಳಗೆ ಗೆರೆ ಎಳೆದದ್ದು ಸರಿಯೋ ತಪ್ಪೋ ಎಂಬುದು ಬಗೆಹರಿದಿರಲಿಲ್ಲ. ನಾಲ್ಕು ಪ್ರತಿ. ನಾಲ್ಕರಲ್ಲೂ ಗೆರೆ. ಚಿತ್ರದುರ್ಗದ ಸಂಜೆ ತರಗತಿಯಲ್ಲಿ ವಾಣಿಜ್ಯ ಪತ್ರ ಕಲಿಸುತ್ತಿದ್ದ ಮೇಷ್ಟ್ರು ಸಹಿ ಅಂದರೆ ಮನುಷ್ಯನ ಮುಖ, ಅದರ ಕೆಳಗೆ ಗೆರೆ ಎಳೆಯುವುದು ಕನ್ನಡಿಯ ಮುಂದೆ ಮೀಸೆ ತಿರುವಿದ ಹಾಗೆ ಎಂದಿದ್ದರು. ಎಂಟು ವರ್ಷ ಗೆರೆಯಿಲ್ಲದೆ ಸಹಿ ಮಾಡಿಕೊಂಡು ಬಂದವನ ಕೈ ಇವತ್ತು ಬೆಳಿಗ್ಗೆ, ಹಡಗಿನಲ್ಲಿ ಹೋಗುವ ಕಾಗದ ಎಂಬ ಒಂದೇ ಕಾರಣಕ್ಕೆ, ತಾನಾಗಿ ಓಡಿ ಎಳೆದುಬಿಟ್ಟಿತ್ತು. ಮ್ಯಾನೇಜರ್ ಚಿತ್ರಲಿಂಗಪ್ಪನವರು ಬೆಂಗಳೂರಿಗೆ ಹೋಗುವ ಮುಂಚೆ, 'ನಾನು ಬರೋದು ತಡ ಆದ್ರೆ ನೀವೇ ಹಾಕ್ರಿ ಸಹಿ. ಎಲ್ಲಾ ಕಣ್ಣಲ್ಲಿ ನೋಡಿ ಹಾಕ್ರಿ. ತಿಂಗಳ ಕೊನೆಗೆ ನಿಮ್ಮ ಕಾಯಂ ವಿಷಯಾನೂ ಮಾತಾಡಾಣ' ಎಂದಿದ್ದರು. ಆ ಎರಡು ಮಾತನ್ನು ಅವರು ಒಂದೇ ಉಸಿರಿನಲ್ಲಿ ಯಾಕೆ ಹೇಳಿದರು? ಹನ್ನೊಂದು ತಿಂಗಳಿಂದ ಹಂಗಾಮಿ ಗುಮಾಸ್ತನಾಗಿರುವವನಿಗೆ ಉಸಿರುಗಳ ಲೆಕ್ಕ ಇಟ್ಟುಕೊಳ್ಳುವುದು ಅಭ್ಯಾಸವಾಗಿಬಿಟ್ಟಿರುತ್ತದೆ.

ಹಿರಿಯೂರಿನ ವೇದಾವತಿ ಉಣ್ಣೆ ಕಂಪನಿಯಿಂದ ಹಡಗು ಹತ್ತುತ್ತಿರುವ ಮೊದಲ ಸರಕು ಅದು. ಎಂಟು ಬೇಲು, ಅಂದರೆ ಎಂಟು ದೊಡ್ಡ ಕಟ್ಟು, ಒಂದೊಂದಕ್ಕೆ ಇಪ್ಪತ್ತರಂತೆ ನೂರ ಅರವತ್ತು ಕರಿ ಕಂಬಳಿ, ಎಲ್ಲವೂ ಆದಿವಾಲದ ಮಗ್ಗಗಳಲ್ಲಿ ನೇಯ್ದವು. ಗೋಣಿತಾಟು ಸುತ್ತಿ, ದಬ್ಬಣದಿಂದ ಹೊಲಿದು, ತಗಡಿನ ಅಚ್ಚು ಇಟ್ಟು ಕಪ್ಪು ಬಣ್ಣದಲ್ಲಿ ಮದ್ರಾಸು, ಹ್ಯಾಂಬರ್ಗ್ ಎಂದು ಅವನೇ ಬರೆದಿದ್ದ. ಬಣ್ಣ ಇನ್ನೂ ಉಗುರುಸಂದಿಯಲ್ಲಿತ್ತು. ಹ್ಯಾಂಬರ್ಗ್ ಬಿಡಿ, ಮದ್ರಾಸಿನ ಸಮುದ್ರವನ್ನೂ ಅವನು ಕಂಡವನಲ್ಲ. ಹೋದ ಭಾನುವಾರ ಸೈಕಲ್ ಹತ್ತಿ ಮಾರಿಕಣಿವೆಗೆ ಹೋಗಿ, ವಾಣಿವಿಲಾಸ ಸಾಗರದ ಕಟ್ಟೆಯ ಮೇಲೆ ನಿಂತು, ಆಚೆ ದಡದ ಗುಡ್ಡ ಕಾಣದ ಹಾಗೆ ಅಂಗೈ ಅಡ್ಡ ಹಿಡಿದು, ಇದು ಸಮುದ್ರ, ಈಗ ಇದರ ಮೇಲೆ ನನ್ನ ಎಂಟು ಬೇಲು ಹೋಗುತ್ತಿವೆ ಅಂದುಕೊಳ್ಳಲು ನೋಡಿದ್ದ. ಒಬ್ಬ ಎಮ್ಮೆ ತೊಳೆಯುವವನು ನೀರಿನಿಂದಲೇ, 'ಏನ್ರಿ, ಬಿಸಿಲಾ?' ಎಂದು ಕೇಳಿ ಸಮುದ್ರವನ್ನು ಮುಗಿಸಿಬಿಟ್ಟಿದ್ದ.

ಸಹಿ ಮಾಡಿದ ಕಾಗದದ ಕಾರ್ಬನ್ ಪ್ರತಿ ಮೇಜಿನ ಮೇಲಿತ್ತು. ಈ ಸರಕಿನಲ್ಲಿ ಧಾನ್ಯ, ಬೀಜ, ಹಣ್ಣು, ಹುಲ್ಲು, ಮಣ್ಣು ಯಾವುದೂ ಇಲ್ಲವೆಂದೂ, ಇದನ್ನು ತಾನು ಖುದ್ದಾಗಿ ಪರೀಕ್ಷಿಸಿರುವೆನೆಂದೂ ಕೆಳಗೆ ಸಹಿ ಮಾಡಿದವನು ದೃಢಪಡಿಸುತ್ತಿದ್ದ. ಕೆಳಗೆ ಅವನ ಮುಖ, ಮುಖದ ಕೆಳಗೆ ಮೀಸೆ. ಬಂದರಿನ ಏಜೆಂಟರು ಪತ್ರದಲ್ಲಿ ಬಿಡಿಸಿ ಹೇಳಿದ್ದರು. ಆ ದೇಶದವರು ಬೇಲು ಬಿಚ್ಚಿ ನೋಡುವುದುಂಟು, ಒಂದು ಕಾಳು ಸಿಕ್ಕರೂ ಇಡೀ ಸರಕು ವಾಪಸ್ಸು, ಆಮೇಲೆ ಕಂಪನಿಯ ಹೆಸರು ಹೇಳಿದರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಓಬಳೇಶಪ್ಪ ಪರೀಕ್ಷಿಸಿದ್ದೂ ಹೌದು. ನೂರ ಅರವತ್ತನ್ನೂ ಉದ್ದಗಲ ಅಳೆದಿದ್ದ, ತೂಗಿದ್ದ. ಹೇಳಿದ್ದಕ್ಕಿಂತ ಒಂದೊಂದು ಕಂಬಳಿಯೂ ಐವತ್ತು ಗ್ರಾಂ ಹೆಚ್ಚೇ ಇತ್ತು. ಅದನ್ನು ಕಂಡು ಹಿಗ್ಗಿ, ನಮ್ಮ ನೇಕಾರರು ಮಾತು ಕೊಟ್ಟಿದ್ದಕ್ಕಿಂತ ಐವತ್ತು ಗ್ರಾಂ ಹೆಚ್ಚು ಕೊಡುವ ಜನ ಎಂದು ಹ್ಯಾಂಬರ್ಗಿನವರಿಗೆ ಬರೆದ ಪತ್ರವನ್ನು ಮ್ಯಾನೇಜರು ಸಹಿ ಹಾಕುವ ಮುಂಚೆ ಎರಡು ಸಲ ಓದಿಸಿಕೊಂಡಿದ್ದರು. ಅವನ ಹನ್ನೊಂದು ತಿಂಗಳ ನೌಕರಿಯಲ್ಲಿ ಎರಡು ಸಲ ಓದಿಸಿಕೊಂಡ ಪತ್ರ ಅದೊಂದೇ.

'ಯಾರೈದೀರಪ್ಪ ಒಳಗೆ?'

ಬಾಗಿಲಲ್ಲಿ ಆದಿವಾಲದ ಗಿರಿಯಮ್ಮ ನಿಂತಿದ್ದಳು. ಮಗ್ಗದ ಕಾಟಪ್ಪನ ತಾಯಿ, ಆ ಕೇರಿಗೆಲ್ಲ ಹಿರಿಯಳು. ನೂಲುವ ಹೆಂಗಸರ ಪರವಾಗಿ ಮಾತಾಡಬೇಕಾದಾಗಲೆಲ್ಲ ಬರುವವಳು ಅವಳೇ.

'ಬರ್ರಿ ಅಜ್ಜಿ, ಕುಂತ್ಕಳ್ರಿ.'

'ಕುಂತ್ಕಳಾಕೆ ಬಂದಿಲ್ಲಪ್ಪ. ಒಂದು ಕಾಗ್ದ ಬರೀಬೇಕಿತ್ತು.'

'ಯಾರಿಗೆ?'

'ಆ ಊರಿನೋರಿಗೆ. ಕಂಬಳಿ ತಗಂತಾರಲ್ಲ, ಅವರಿಗೆ. ನಮ್ ಹೆಣ್ಮಕ್ಕಳೆಲ್ಲ ಹೇಳಿ ಕಳ್ಸವ್ರೆ. ಗಂಟು ಬಿಚ್ಚಿದ ಕೂಡ್ಲೆ ಹೊದೀಬಾರ್ದು. ಒಂದು ಗಳಿಗೆ ಒಲೆ ಮುಂದೆ ಇಟ್ಟು, ಆಮೇಲೆ ಹೊದೀಲಿ. ಬೆಲ್ಲ ಮಕ್ಕಳಿಗೆ ಕೊಡ್ಲಿ. ರಾಗಿ ಮಾತ್ರ ಬೀದಿಗೆ ಚೆಲ್ಲೋದು ಬ್ಯಾಡ. ಅಷ್ಟೇ ಬರಿ.'

ಓಬಳೇಶಪ್ಪ ಬರೆಯಲು ಪೆನ್ನು ಎತ್ತಿದ್ದ. ಹಿರಿಯರು ಏನಾದರೂ ಹೇಳಿದರೆ ಮೊದಲು ಪೆನ್ನೆತ್ತುವುದು ಅವನ ಸ್ವಭಾವ, ಅರ್ಥವಾಗುವುದು ಆಮೇಲೆ. 'ಯಾವ ರಾಗಿ ಅಜ್ಜಿ?' ಎಂದು ಅವನು ಕೇಳಿದ್ದು ತನಗೇ ದೂರದಿಂದ, ಮಾರಿಕಣಿವೆಯ ಆ ದಡದಿಂದ ಕೇಳಿಸಿತು.

'ಮಡ್ಲಿಂದು. ಕಂಬಳಿ ಮೂಲೆಯಾಗೆ ಕಟ್ಟೀವಲ್ಲ. ಒಂದು ಹಿಡಿ ರಾಗಿ, ಒಂದು ಚೂರು ಬೆಲ್ಲ.'

'ಎಲ್ಲದಕ್ಕೂ?'

'ಮತ್ತೆ? ಒಂದಕ್ಕೆ ಕಟ್ಟಿ ಒಂದಕ್ಕೆ ಬಿಡಾಕೆ ಬರ್ತೈತೇನಪ್ಪ? ಮನೆ ಬಿಟ್ಟು ಹೋಗೋ ಹೆಣ್ಣಿಗೆ ಮಡ್ಲು ತುಂಬದೆ ಕಳ್ಸ್ತೀವಾ?'

'ಸಂತೆಗೆ ಕಳಿಸೋವಾಗ ಕಟ್ಟಲ್ಲವಲ್ಲ ಅಜ್ಜಿ!'

'ಸಂತೆಗೆ ಹೋದ್ರೆ ಪಕ್ಕದ್ಮನಿಗೆ ಹೋದಂಗೆ. ಇವು ನೀರು ದಾಟ್ತವೆ. ನೀರು ದಾಟೋದು ಬರಿಮೈಯಾಗೆ ಹೋಗಬಾರ್ದು. ಏನಪ್ಪ, ನೀನೂ ಕುರಿ ಹಟ್ಟಿಯಾಗೆ ಹುಟ್ಟಿದೋನೇ ಅಲ್ವಾ? ಯಾಕ್ ಹಿಂಗೆ ಬೆವರ್ತೀಯ?'

ಐವತ್ತು ಗ್ರಾಂ. ಅವನು ಉಣ್ಣೆಯೆಂದು ಹಿಗ್ಗಿದ ಐವತ್ತು ಗ್ರಾಂ. ಮಡಿಸಿ ದಾರ ಕಟ್ಟಿ ಬಂದ ಕಂಬಳಿಗಳನ್ನು ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಅಳೆದಿದ್ದನೇ ಹೊರತು ಒಳಮಡಿಕೆಯ ಮೂಲೆಗೆ ಕೈ ಹಾಕಿರಲಿಲ್ಲ. ಕಂಬಳಿಯ ಒಳಮೂಲೆಗೆ ಕೈ ಹಾಕುವುದೆಂದರೆ ಯಾರದೋ ಮನೆಯ ಹೆಣ್ಣಿನ ಸೆರಗಿಗೆ ಕೈ ಹಾಕಿದಂತೆ ಅನ್ನಿಸಿತ್ತೇನೋ. ಅಥವಾ ಬರೀ ಸೋಮಾರಿತನವೋ. ಮದ್ರಾಸಿನ ಏಜೆಂಟರಿಗೆ ಟ್ರಂಕ್ ಕಾಲ್ ಮಾಡೋಣವೆಂದರೆ ಸಿಗುವುದಕ್ಕೆ ಸಂಜೆಯಾಗುತ್ತದೆ, ಸಿಕ್ಕಮೇಲೆ ಪೋಸ್ಟಾಫೀಸಿನಲ್ಲಿ ಸಾಲು ನಿಂತ ಜನರೆಲ್ಲ ಕೇಳುವ ಹಾಗೆ ಇಂಗ್ಲಿಷಿನಲ್ಲಿ ರಾಗಿ, ರಾಗಿ ಎಂದು ಕಿರುಚಬೇಕು. ತಂತಿ ಕೊಡೋಣವೆಂದು ಫಾರಂ ಎಳೆದುಕೊಂಡ. ಮಡಿಲು ತುಂಬಿದ್ದನ್ನು ಎಂಟು ಪದದಲ್ಲಿ ಹೇಗೆ ತಿಳಿಸುವುದು? ಬೇಲುಗಳು ಗರ್ಭಿಣಿ, ಹಡಗು ಹತ್ತಿಸಬೇಡಿ? ಅವನ ಕಣ್ಣಿಗೆ ಆಗಲೇ ಎಂಟು ಬೇಲು ಹ್ಯಾಂಬರ್ಗಿನಿಂದ ವಾಪಸ್ಸು ಬಂದು, ಕಂಪನಿಯ ಅಂಗಳದಲ್ಲಿ ಇಳಿದು, ತವರಿಗೆ ಮರಳಿದ ಹೆಣ್ಣುಗಳ ಹಾಗೆ ಮುಖ ತಿರುಗಿಸಿ ಕೂತಿದ್ದವು.

'ಲಾರಿ ಇಷ್ಟೊತ್ತಿಗೆ ತುಮಕೂರು ದಾಟಿರುತ್ತೆ' ಎಂದ, ಸತ್ತವರ ಸುದ್ದಿ ಹೇಳುವ ದನಿಯಲ್ಲಿ.

'ಎಲ್ಲಿ ದಾಟ್ತೈತೆ? ದಾಸಣ್ಣ ನಮ್ಮೂರಾಗೆ ಮಾವನ ಮನೆ ಮುಂದೆ ಗಾಡಿ ನಿಲ್ಸಿ ಉಂಡು ಮಕ್ಕಂಡವ್ನೆ. ಬಿಸ್ಲು ಇಳಿದ್ಮೇಲೆ ಹೊಲ್ಡ್ತಾನಂತೆ.'

ಓಬಳೇಶಪ್ಪ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಡ್ರೈವರ್ ದಾಸಣ್ಣನ ಸೋಮಾರಿತನದ ಬಗ್ಗೆ ಹೋದ ತಿಂಗಳು ತಾನೇ ದೂರು ಬರೆದದ್ದು ನೆನಪಾಗಿ, ಆ ದೂರಿನ ಬಗ್ಗೆಯೂ ಒಂದು ಪಶ್ಚಾತ್ತಾಪವನ್ನು ಈಗಿನದರ ಜೊತೆ ಸೇರಿಸಿಕೊಂಡು, ಗಿರಿಯಮ್ಮನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ.

ಬಸ್ಸಿನಲ್ಲಿ ಅವಳಿಗೆ ಕಾನೂನು ತಿಳಿಸಿ ಹೇಳಲು ನೋಡಿದ. ಬೀಜದೊಳಗೆ ಹುಳು ಇರಬಹುದೆಂದು ಆ ದೇಶದವರಿಗೆ ಭಯ ಎಂದ. 'ನಮ್ ರಾಗಿಯಾಗೆ ಹುಳಾನಾ?' ಎಂದು ಅವಳು ಕೇಳಿದ ರೀತಿಗೆ ಮುಂದಿನ ಸೀಟಿನವರಿಬ್ಬರು ತಿರುಗಿ ಓಬಳೇಶಪ್ಪನನ್ನು ನೋಡಿದರು. ಅವನು ಕಿಟಕಿಯ ಹೊರಗೆ ನೋಡತೊಡಗಿದ. ತುರುವನೂರಿನಿಂದ ಸಂಜೆ ತರಗತಿಗೆಂದು ದುರ್ಗಕ್ಕೆ ಹೊರಟ ದಿನ ಅವ್ವ ಕೊಟ್ಟ ಕಂಬಳಿಯ ಮೂಲೆಯಲ್ಲೂ ಇಂಥದೇ ಒಂದು ಗಂಟಿತ್ತು. ಹಗಲು ಮಂಡಿಯಲ್ಲಿ ಮೂಟೆ ಲೆಕ್ಕ ಬರೆದು ರಾತ್ರಿ ಓದುವ ಐದು ಜನರ ಕೋಣೆ. ಕಂಬಳಿ ಬಿಚ್ಚಿದಾಗ ಗಂಟು ಉರುಳಿ ಬಿದ್ದು, ಒಬ್ಬ ಅದನ್ನು ಎತ್ತಿ ಹಿಡಿದು, 'ಏನ್ರಿ ಇದು, ಬುತ್ತೀನಾ?' ಎಂದ. ಓಬಳೇಶಪ್ಪ ನಕ್ಕ, ಎಲ್ಲರಿಗಿಂತ ಜೋರಾಗಿ ನಕ್ಕ, ನಗುತ್ತಲೇ ಅದನ್ನು ಕಿಟಕಿಯಿಂದ ಆಚೆ ಎಸೆದ. ತಿಂಗಳೊಪ್ಪತ್ತಿನಲ್ಲಿ ಮಳೆ ಬಂದು ಚರಂಡಿಯ ಅಂಚಿನಲ್ಲಿ ರಾಗಿ ಪೈರು ಹಸಿರಾಗಿ ಎದ್ದು ನಿಂತಾಗ, ಕೋಣೆಯ ಯಜಮಾನರು ಬಂದು, 'ಯಾವನ್ರಯ್ಯ ನನ್ನ ಗೋಡೆ ಬುಡದಾಗೆ ಬೇಸಾಯ ಮಾಡಿರೋನು?' ಎಂದು ಕೂಗಿದ್ದರು. ಐದು ಜನರಲ್ಲಿ ನಾಲ್ಕು ಜನ ಅವನ ಕಡೆ ನೋಡಿದ್ದರು. ಅವನೂ ಹಿಂದೆ ಯಾರಾದರೂ ಇದ್ದಾರೇನೋ ಎಂಬಂತೆ ತಿರುಗಿ ಗೋಡೆಯನ್ನು ನೋಡಿದ್ದ. ಅವ್ವ ಸಾಯುವವರೆಗೂ, ಗಂಟು ಬಿಚ್ಚಿ ಏನು ಮಾಡಿದೆಯಪ್ಪ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲೆಂದು ಒಂದು ಸುಳ್ಳನ್ನು ಅವನು ಎಷ್ಟೋ ವರ್ಷ ತಿದ್ದಿ ತೀಡಿ ಇಟ್ಟುಕೊಂಡಿದ್ದ. 'ಇಳೀರಿ, ಇಳೀರಿ, ಆದಿವಾಲ' ಎಂದು ಕಂಡಕ್ಟರ್ ಕೂಗಿದ.

ಹೆದ್ದಾರಿಯ ಪಕ್ಕ, ದಾಸಣ್ಣನ ಮಾವನ ಮನೆ ಎದುರಿನ ಬೇವಿನ ಮರದಡಿ ಲಾರಿ ನಿಂತಿತ್ತು. ಅದರೊಳಗೆ, ಬೆಂಗಳೂರಿಗೆ ಹೋಗುವ ತೆಂಗಿನಕಾಯಿಯ ಗುಡ್ಡೆಯ ಮೇಲೆ ಎಂಟು ಬೇಲು ಸಮುದ್ರದ ಚಿಂತೆಯಿಲ್ಲದೆ ಕೂತಿದ್ದವು. ದಾಸಣ್ಣ ಲಾರಿಯ ನೆರಳಲ್ಲಿ, ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದ.

'ದಾಸಣ್ಣ, ಬೇಲು ಬಿಚ್ಚಬೇಕು.'

ಟವೆಲ್ಲಿನ ಕೆಳಗಿನಿಂದ, 'ಯಾಕೆ ಗುಮಾಸ್ತರೆ, ಗೆರೆ ಎಳೆಯೋದು ಮರ್ತ್ರಾ?' ಎಂಬ ಮಾತು ಬಂತು. ಬೆಳಿಗ್ಗೆ ಸಹಿ ಮಾಡುವಾಗ ಈ ಮನುಷ್ಯ ಪಕ್ಕದಲ್ಲೇ ನಿಂತಿದ್ದನೆಂಬುದು ಈಗ ಓಬಳೇಶಪ್ಪನಿಗೆ ಹೊಳೆದು ಕಿವಿ ಬಿಸಿಯಾಯಿತು.

ಬೇಲು ಇಳಿಸಿ ಹೊಲಿಗೆ ಬಿಚ್ಚುವಷ್ಟರಲ್ಲಿ ಕೇರಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಹನ್ನೆರಡು, ಹದಿನೈದು ಜನ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವನು ಮೊದಲ ಕಂಬಳಿ ಬಿಡಿಸಿ ಮೂಲೆ ಹುಡುಕಿದ. ನಿಂಬೆಹಣ್ಣಿನಷ್ಟು ಗಂಟು, ಅದರದೇ ಕುಚ್ಚಿನ ನೂಲಿನಲ್ಲಿ ಬಿಗಿದದ್ದು. ಕಣ್ಣಿಗೆ ಕಾಣದ ಹಾಗೆ ಅಷ್ಟು ನಾಜೂಕಾಗಿ ಕಟ್ಟಿದ್ದರು. ಅದನ್ನು ಬಿಚ್ಚಲು ಅವನು ಹಲ್ಲು ಹಚ್ಚಿದಾಗ ಗಿರಿಯಮ್ಮ ಕೈ ಅಡ್ಡ ಇಟ್ಟಳು.

'ತುಂಬಿದ ಮಡ್ಲು ನೆಲಕ್ಕೆ ಸುರಿಯಾಕೆ ಬರಲ್ಲ.'

'ಚೀಲದಾಗೆ ಹಾಕ್ತೀನಿ ಅಜ್ಜಿ. ನೀವೇ ವಾಪಸ್ ಇಟ್ಕಳ್ರಿ.'

'ಕೊಟ್ಟೋರು ತಿರುಗಿ ಇಸ್ಕಂಬಾಕೂ ಬರಲ್ಲ. ಒಂದು ಮಡ್ಲಿಂದ ತೆಗೆದ್ರೆ ಇನ್ನೊಂದು ಮಡ್ಲಿಗೇ ಬೀಳ್ಬೇಕು.'

'ಯಾರ ಮಡಿಲಿಗೆ?'

ಆ ಪ್ರಶ್ನೆ ಬಾಯಿಂದ ಬೀಳುತ್ತಿದ್ದಂತೆ ಅದರ ಉತ್ತರ ತನಗೆ ಗೊತ್ತಿದೆ ಅನ್ನಿಸಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು, ದುರ್ಗದ ಕೋಣೆಯಲ್ಲಿ ನೋಡಿದ ಹಾಗೆ. ಈ ಸಲ ಹಿಂದೆ ಗೋಡೆಯೂ ಇರಲಿಲ್ಲ. 'ದಾಸಣ್ಣ...' ಎಂದ.

'ನನ್ನ ಪಂಚೆಯಾಗೆ ಗ್ರೀಸೈತೆ' ಎಂದ ದಾಸಣ್ಣ, ಎದ್ದು ಕೂತು ಬೀಡಿ ಹಚ್ಚುತ್ತ. 'ನೀವೇ ಕುಂತ್ಕಳ್ರಿ. ಎಷ್ಟು ತಿಂಗ್ಳು ಅಂತ ಮಾತ್ರ ಕೇಳಲ್ಲ.'

'ಹನ್ನೊಂದು' ಎಂದುಬಿಟ್ಟ ಓಬಳೇಶಪ್ಪ. ತನ್ನ ನೌಕರಿಯ ತಿಂಗಳು ಸದಾ ನಾಲಿಗೆಯ ತುದಿಯಲ್ಲಿರುತ್ತಿದ್ದುದರಿಂದ ಬಂದದ್ದು. ಹೆಂಗಸರ ನಗು ಬೇವಿನ ಮರದ ಹಕ್ಕಿಗಳನ್ನು ಎಬ್ಬಿಸಿತು. ಆ ನಗುವಿನಿಂದಲೇ ಕೆಲಸ ಸಲೀಸಾಯಿತೆಂದು ಅವನಿಗೆ ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ.

ಮಣೆ ಬಂತು. ಟೆರಿಕಾಟ್ ಪ್ಯಾಂಟಿನಲ್ಲಿ ಪದ್ಮಾಸನ ಬಾರದೆ, ಕಾಲು ಒಂದು ಕಡೆಗೆ ಮಡಿಸಿ, ತೊಡೆಯ ಮೇಲೆ ಯಾರದೋ ಟವೆಲ್ ಹರಡಿಕೊಂಡು ಪೂರ್ವಕ್ಕೆ ಮುಖ ಮಾಡಿ ಕೂತ. ಪೂರ್ವಕ್ಕೆ ಅಂದರೆ ನೇರ ಹೆದ್ದಾರಿಗೆ. ಶಾಂತಕ್ಕ ಎಂಬಾಕೆ ಹಣೆಗೆ ಕುಂಕುಮ ಇಟ್ಟಳು, ರೂಢಿಯಂತೆ ಕೆನ್ನೆಗೆ ಅರಿಶಿನ ಹಚ್ಚಲು ಬಂದವಳು ಮೀಸೆ ನೋಡಿ ಕೈ ಹಿಂತೆಗೆದಳು. ಒಬ್ಬೊಬ್ಬಳೇ ತಾನು ಕಟ್ಟಿದ ಗಂಟನ್ನು ಗುರುತಿಸಿ, ತಾನೇ ಬಿಚ್ಚಿ, ರಾಗಿ ಬೆಲ್ಲವನ್ನು ಅವನ ಮಡಿಲಿಗೆ ಹಾಕಿ, ಖಾಲಿಯಾದ ಕಂಬಳಿಯನ್ನು ಒಮ್ಮೆ ಸವರಿ ಮತ್ತೆ ಮಡಿಸಿದಳು. ಯಾವ ಗಂಟು ಯಾರದೆಂದು ಅವರಿಗೆ ಹೇಗೆ ತಿಳಿಯುತ್ತಿತ್ತೋ. ಅಚ್ಚು ಹಾಕಿ ಅಂಕಿ ಬರೆದ ಅವನಿಗೆ ಎಂಟು ಬೇಲುಗಳೇ ಒಂದರಿಂದೊಂದು ಬೇರೆಯಾಗಿ ಕಂಡಿರಲಿಲ್ಲ.

ನಾಲ್ಕನೆಯ ಬೇಲಿನ ಹೊತ್ತಿಗೆ ಬೆಂಗಳೂರಿನಿಂದ ಹೊರಟ ಎಕ್ಸ್‌ಪ್ರೆಸ್ ಬಸ್ಸು ಬಂದು, ಅಡ್ಡ ಬಂದ ಕುರಿಮಂದೆಗಾಗಿ ಸರಿಯಾಗಿ ಅವನ ಎದುರಿಗೇ ನಿಂತಿತು. ಕಿಟಕಿಯಲ್ಲಿ ಚಿತ್ರಲಿಂಗಪ್ಪನವರಿದ್ದರು. ಕಪ್ಪು ಕನ್ನಡಕ, ಅರ್ಧ ತೆರೆದ ಬಾಯಿ. ನಿದ್ದೆ ಮಾಡುವವರ ಬಾಯಿಯೋ, ನೋಡಿ ಬೆರಗಾದವರ ಬಾಯಿಯೋ? ಕನ್ನಡಕ ಏನನ್ನೂ ಬಿಟ್ಟುಕೊಡಲಿಲ್ಲ. ಎದ್ದು ನಿಂತು ನಮಸ್ಕಾರ ಮಾಡಬೇಕು. ಎದ್ದರೆ ಮಡಿಲು ನೆಲಕ್ಕೆ. ಕೂತೇ ಕೈ ಮುಗಿದರೆ ಆಶೀರ್ವಾದ ಬೇಡಿದಂತೆ. ಓಬಳೇಶಪ್ಪ ಅಲುಗದೆ, ಮದುವೆಯ ಫೋಟೋದಲ್ಲಿ ಕೂತವನಂತೆ ಬಸ್ಸನ್ನೇ ನೋಡಿದ. ಕುರಿಗಳು ಮುಗಿಯಲೇ ಇಲ್ಲ. ಎಷ್ಟು ಕುರಿ ದೇವರೇ ಈ ತಾಲ್ಲೂಕಿನಲ್ಲಿ! ಕೊನೆಗೆ ಬಸ್ಸು ಹೊರಟಾಗ ಆ ತಲೆ ಒಮ್ಮೆ ಅಲ್ಲಾಡಿತು. ಬಸ್ಸಿನ ಕುಲುಕಿಗೆ ಅಲ್ಲಾಡಿದ್ದೂ ಇರಬಹುದು.

ಬಿಸಿಲು ಇಳಿಯುವಾಗ ಏಳು ಬೇಲು ಮತ್ತೆ ಹೊಲಿದು ಲಾರಿ ಹತ್ತಿದ್ದವು. ಎಂಟನೆಯದರ ಕೊನೆಯ ಕಂಬಳಿ ಉಳಿದಿತ್ತು. ಮಡಿಲನ್ನು ಗಂಟು ಕಟ್ಟಿ ಪಕ್ಕಕ್ಕಿಟ್ಟು ಎದ್ದಿದ್ದ ಓಬಳೇಶಪ್ಪನೇ ಅದನ್ನು ಎತ್ತಿಕೊಂಡ. 'ಅದು ನಮ್ ಕಾಟಪ್ಪ ನೇಯ್ದಿದ್ದು' ಎಂದಳು ಗಿರಿಯಮ್ಮ, ಹೇಳಬೇಕೆಂದು ಹೇಳಿದವಳಂತೆ ಅಲ್ಲ. ಒಳಮಡಿಕೆಗೆ ಕೈ ಹಾಕಿದ. ಮೂಲೆ ಸಿಕ್ಕಿತು. ಗಂಟು ಸಿಕ್ಕಿತು. ಬೆರಳ ನಡುವೆ ಕಾಳುಗಳು ಸಣ್ಣಗೆ ಜರುಗಿದವು, ಬೆಲ್ಲದ ಚೂರು ಗಟ್ಟಿಯಾಗಿ ಹೆಬ್ಬೆರಳಿಗೆ ಒತ್ತಿತು. ಧಾನ್ಯ, ಬೀಜ, ಹಣ್ಣು, ಹುಲ್ಲು, ಮಣ್ಣು. ಖುದ್ದಾಗಿ. ಚರಂಡಿಯ ಅಂಚಿನ ಆ ಹಸಿರು ಎಷ್ಟೆತ್ತರ ಬೆಳೆದಿತ್ತು? ತೆನೆ ಬರುವ ಮುಂಚೆ ಕಿತ್ತು ಹಾಕಿದ್ದರು, ಇಲ್ಲದಿದ್ದರೆ ಬರುತ್ತಿತ್ತು. ಅವನ ಕೈ ಒಳಗೇ ಇತ್ತು. ಹೆಂಗಸರು ದಬ್ಬಣಕ್ಕೆ ಹುರಿ ಪೋಣಿಸುತ್ತಿದ್ದರು, ದಾಸಣ್ಣ ಇಂಜಿನ್ನು ಶುರು ಮಾಡಿದ್ದ. ಗಿರಿಯಮ್ಮ ಮಾತ್ರ ಅವನ ಮುಖವನ್ನಲ್ಲ, ಕಂಬಳಿಯೊಳಗೆ ಮುಳುಗಿದ್ದ ಅವನ ಮೊಣಕೈಯನ್ನು ನೋಡುತ್ತಿದ್ದಳು.

'ಇದರಲ್ಲಿ ಇಲ್ಲ' ಎಂದ ಓಬಳೇಶಪ್ಪ.

'ಹೌದಾ?' ಎಂದಳು ಗಿರಿಯಮ್ಮ. 'ಕಟ್ಟೋದು ಮರ್ತಿರ್ಬೇಕು. ವಯಸ್ಸಾತು ನೋಡು.' ಅವನ ಕೈಯಿಂದ ಕಂಬಳಿ ಇಸಿದುಕೊಂಡು ಬೇಲಿನ ನಟ್ಟನಡುವೆ ತೂರಿಸಿ, ತಾನೇ ಬಾಯಿ ಹೊಲಿದಳು.

ಲಾರಿ ಹೋದ ಮೇಲೆ, ಎಂಟು ಕಿಲೋ ರಾಗಿಯ ಗಂಟನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹಿರಿಯೂರಿನ ಬಸ್ಸಿನಲ್ಲಿ ಕೂತಾಗ ಅವನಿಗೆ ಹೊಸ ಭಯ ಹುಟ್ಟಿತು. ಐವತ್ತು ಗ್ರಾಂ! ಹ್ಯಾಂಬರ್ಗಿಗೆ ಹೋದ ಪತ್ರ! ಆ ಪತ್ರವೀಗ ನೂರ ಅರವತ್ತರಲ್ಲಿ ಒಂದೇ ಒಂದು ಕಂಬಳಿಯ ಮಟ್ಟಿಗೆ ನಿಜ. ಸಹಿ ಮಾಡಿದ ಕಾಗದವೋ, ಆ ಒಂದನ್ನು ಬಿಟ್ಟು ಉಳಿದೆಲ್ಲದರ ಮಟ್ಟಿಗೆ ನಿಜ. ಎರಡು ಕಾಗದವನ್ನೂ ಒಟ್ಟಿಗೆ ಇಟ್ಟರೆ ಸತ್ಯ ಪೂರ್ತಿಯಾಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆದರೆ ಒಂದು ಬಂದರಿನಲ್ಲಿ ಇರುತ್ತದೆ, ಇನ್ನೊಂದು ಗಿರಾಕಿಯ ಫೈಲಿನಲ್ಲಿ. ಆ ಬಂದರಿನಲ್ಲಿ ಬೇಲು ಬಿಚ್ಚುವವನು ಯಾರಿರಬಹುದು? ದೊಡ್ಡ ಅಧಿಕಾರಿಗಳು ಬೇಲು ಬಿಚ್ಚುವುದಿಲ್ಲ. ಯಾವನೋ ಹಂಗಾಮಿಯವನೇ ಇರಬೇಕು, ಸಂಜೆ ತರಗತಿಯಲ್ಲಿ ಓದಿದವನು, ಚಳಿಗೆ ಕೈ ಉಜ್ಜಿಕೊಳ್ಳುತ್ತ ಎಲ್ಲ ಕಂಬಳಿಯ ಮೂಲೆಗೂ ಕೈ ಹಾಕುವ ಪ್ರಾಮಾಣಿಕ. ಕೊನೆಯದರಲ್ಲಿ ಅವನ ಬೆರಳಿಗೆ ಗಂಟು ಸಿಗುತ್ತದೆ. ಬರೆದರೆ ಎಂಟು ಬೇಲು ವಾಪಸ್ಸು. ಅವನು ಆ ಕಡೆ ಈ ಕಡೆ ನೋಡುತ್ತಾನೆ. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. 'ಟಿಕೆಟ್ ತಗಳ್ರಿ' ಎಂದ ಕಂಡಕ್ಟರ್, ಗಂಟನ್ನು ನೋಡಿ, 'ಏನ್ರಿ ಅದು, ಲಗೇಜಾ?' ಎಂದ.

'ಅಲ್ಲ' ಎಂದ ಓಬಳೇಶಪ್ಪ. 'ಮಡ್ಲು.'

ಆಫೀಸಿನಲ್ಲಿ ದೀಪ ಹಾಕಿತ್ತು. ಚಿತ್ರಲಿಂಗಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಾರ್ಬನ್ ಪ್ರತಿಯನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರು. ಬಿದ್ದಿದ್ದ ಕುರ್ಚಿಯನ್ನು ಯಾರೋ ಎತ್ತಿ ನಿಲ್ಲಿಸಿದ್ದರು. ಅವರೇ ಇರಬೇಕು. ಇಡೀ ಮಧ್ಯಾಹ್ನ ಆಫೀಸಿನ ಬಾಗಿಲು ತೆರೆದೇ ಇತ್ತೆಂಬುದು ಆಗಷ್ಟೇ ಹೊಳೆದು, ಅದನ್ನು ನಾಳೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಲೆಂದು ಎತ್ತಿಟ್ಟ.

'ಸರಕು ಹೋಯ್ತೇನ್ರಿ?'

'ಹೋಯ್ತು ಸಾರ್.'

'ಇದರಾಗೆ ಬರೆದಿರೋದೆಲ್ಲ ನಿಜ ತಾನೆ? ಎಲ್ಲಾನೂ ನೋಡಿದ್ರಾ? ಕೈ ಹಾಕಿ?'

ಕೈ ಹಾಕಿ ಎಂದು ಯಾಕೆ ಕೇಳಿದರು? ಓಬಳೇಶಪ್ಪ ಉಸಿರನ್ನು ಲೆಕ್ಕ ಹಾಕಲು ಮರೆತ. ತಾಯಿಗೆಂದು ಎಷ್ಟೋ ವರ್ಷ ತಿದ್ದಿ ಇಟ್ಟುಕೊಂಡು ಯಾರಿಗೂ ಹೇಳದೆ ಉಳಿದಿದ್ದ ಸುಳ್ಳಿನ ದನಿಯೊಂದು, ಒಂದಿಷ್ಟೂ ತೊದಲದೆ, ತಾನಾಗಿ ಹೊರಗೆ ಬಂತು.

'ಕಡೇದಕ್ಕೂ ಕೈ ಹಾಕಿ ನೋಡಿದೀನಿ ಸಾರ್. ಎಲ್ಲಾ ಸರಿಯಾಗಿತ್ತು.'

ಚಿತ್ರಲಿಂಗಪ್ಪನವರು ಕಾಗದ ಕೆಳಗಿಟ್ಟು ಅವನ ಹಣೆಯ ಕುಂಕುಮ ನೋಡಿದರು.

'ಗೆರೆ ಚೆನ್ನಾಗಿ ಎಳೆದಿದೀರಿ' ಎಂದರು. 'ಹಣೆ ಒರೆಸ್ಕಳ್ರಿ.'

ಓಬಳೇಶಪ್ಪ ಕೈ ಎತ್ತಲು ಹೋದ. ಎರಡೂ ಕೈಯಲ್ಲಿ ರಾಗಿ ಇತ್ತು.